ಬಾಡಿಗೆಗಿದ್ದ ಅರಮನೆ

1864ರಲ್ಲಿ ಲಂಡನ್ನಿನ ಬಕಿಂಗ್‌ಹ್ಯಾಂ ಅರಮನೆಯ ಕಂಬಿಬೇಲಿಗೆ ಯಾರೋ ಒಂದು ಚೀಟಿ ಅಂಟಿಸಿ ಹೋದರು. ಹಿಂದೆ ಇಲ್ಲಿದ್ದವರ ವ್ಯಾಪಾರ ಇಳಿಮುಖವಾದ ಕಾರಣ ಈ ಭವ್ಯ ಕಟ್ಟಡ ಬಾಡಿಗೆಗೆ ಅಥವಾ ಮಾರಾಟಕ್ಕಿದೆ ಎಂಬುದು ಅದರ ಒಕ್ಕಣೆ. 'ಹಿಂದೆ ಇಲ್ಲಿದ್ದವರು' ಎಂದರೆ ವಿಕ್ಟೋರಿಯಾ ರಾಣಿ. 1861ರ ಡಿಸೆಂಬರಿನಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ಅವಳು ಕಪ್ಪು ಉಡುಪು ತೊಟ್ಟು, ಊರಾಚೆಯ ಅರಮನೆಗಳಲ್ಲಿ ಕದ ಮುಚ್ಚಿ ಕುಳಿತಿದ್ದಳು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1906ರಿಂದ ಕಲ್ಲಾಗಿ ನಿಂತಿರುವವಳೂ ಅವಳೇ. ಇಲ್ಲಿ ಮಾತ್ರ ಕಣ್ಣಿಗೆ ಬೀಳದ ದಿನವಿಲ್ಲ.

ಬ್ರಿಟಿಷರು ರಾಜಮನೆತನದ ಮೇಲೆ ಮುನಿದ ಸಂದರ್ಭಗಳನ್ನು ಕೆದಕಿದರೆ ಈ ಚೀಟಿಯ ದೂರೇ ಮತ್ತೆ ಮತ್ತೆ ಸಿಗುತ್ತದೆ: ನಮ್ಮ ದುಡ್ಡಿನಲ್ಲಿ ಬಾಳುತ್ತೀರಿ, ಮುಖ ತೋರಿಸುವುದಿಲ್ಲ. 1871ರಲ್ಲಿ ಸಂಸದ ಚಾರ್ಲ್ಸ್ ಡಿಲ್ಕ್ ನ್ಯೂಕ್ಯಾಸಲ್‌ನಲ್ಲಿ ಅರಮನೆಯ ಖರ್ಚಿನ ಲೆಕ್ಕ ಎತ್ತಿ ಗಣರಾಜ್ಯದ ಮಾತಾಡಿದರು. ಅಷ್ಟರಲ್ಲಿ ಯುವರಾಜನಿಗೆ ಟೈಫಾಯಿಡ್ ಬಂದು, ಸಾವಿನ ಬಾಗಿಲು ತಟ್ಟಿ ಬದುಕಿಕೊಂಡ. 1872ರ ಫೆಬ್ರುವರಿಯಲ್ಲಿ ತಾಯಿ-ಮಗ ಸೇಂಟ್ ಪಾಲ್ಸ್ ಚರ್ಚಿಗೆ ಮೆರವಣಿಗೆಯಲ್ಲಿ ಹೊರಟಾಗ ಬೀದಿಯ ಇಕ್ಕೆಲಗಳಲ್ಲಿ ಜನಸಾಗರ. ಗಣರಾಜ್ಯದ ಕಾವು ಆರಿತು. ಡಿಲ್ಕ್ ವಾದ ಬದಿಗೆ ಸರಿಯಿತು.

ಹಿಂದಿನ ಪತ್ರಿಕೆಗಳು ಸಭ್ಯವಾಗಿದ್ದವು, ಈಗಿನವು ಕೆಟ್ಟವು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾಲ್ಕನೇ ಜಾರ್ಜ್ 1830ರಲ್ಲಿ ಸತ್ತಾಗ, ಇವನಿಗಿಂತ ಕಡಿಮೆ ಜನ ಮರುಗಿದ ಮನುಷ್ಯ ಇನ್ನೊಬ್ಬನಿಲ್ಲ ಎಂದು ಬರೆದದ್ದು 'ದಿ ಟೈಮ್ಸ್'. ಬಾಯಿ ಕಟ್ಟಿಕೊಂಡ ಕಾಲ ಬಂದದ್ದು ಆಮೇಲೆ. ಅದರ ತುತ್ತತುದಿ 1936. ಎಂಟನೇ ಎಡ್ವರ್ಡ್ ಮತ್ತು ಮೊದಲ ಗಂಡನಿಂದ ವಿಚ್ಛೇದನ ಪಡೆದು ಮರುಮದುವೆಯಾಗಿದ್ದ ಅಮೆರಿಕದ ವಾಲಿಸ್ ಸಿಂಪ್ಸನ್ ಪ್ರಣಯ ಅಮೆರಿಕದ ಓದುಗರಿಗೆಲ್ಲ ಗೊತ್ತಿತ್ತು, ರಾಜನ ಸ್ವಂತ ಪ್ರಜೆಗಳಿಗೆ ಗೊತ್ತಿರಲಿಲ್ಲ. ರಾಜನ ಕೋರಿಕೆಗೆ ಪತ್ರಿಕಾ ಮಾಲೀಕ ಬೀವರ್‌ಬ್ರೂಕ್ ತಲೆಯಾಡಿಸಿ, ಉಳಿದ ಮಾಲೀಕರನ್ನೂ ಒಪ್ಪಿಸಿದ್ದರು. ಹೊರದೇಶದಿಂದ ಬಂದ ನಿಯತಕಾಲಿಕಗಳ ಪುಟಗಳಿಗೆ ಕತ್ತರಿ ಬೀಳುತ್ತಿತ್ತು. ಡಿಸೆಂಬರ್ 1ರಂದು ಬ್ರಾಡ್‌ಫರ್ಡ್ ಬಿಷಪ್ ಭಾಷಣದ ನಡುವೆ ರಾಜನಿಗೆ ದೇವರ ಕೃಪೆ ಬೇಕು ಎಂದರು. ಪತ್ರಿಕೆಗಳು ಅದನ್ನೇ ನೆಪ ಮಾಡಿಕೊಂಡವು. 3ರಂದು ಸುದ್ದಿ ದೇಶವಿಡೀ ಸ್ಫೋಟಿಸಿತು, 10ರಂದು ರಾಜ ಪದತ್ಯಾಗಕ್ಕೆ ಸಹಿ ಹಾಕಿದ. ವಿಷಯ ತಿಳಿದು ಅಭಿಪ್ರಾಯ ಕಟ್ಟಿಕೊಳ್ಳಲು ಜನರಿಗೆ ಸಿಕ್ಕಿದ್ದು ಒಂದು ವಾರ.

ಬಾಗಿಲು ತೆರೆದದ್ದು ಅರಮನೆಯೇ. 1969ರಲ್ಲಿ ರಾಜಕುಟುಂಬದ ದಿನಚರಿಯ ಸಾಕ್ಷ್ಯಚಿತ್ರವನ್ನು ಮೂರು ಕೋಟಿಗೂ ಹೆಚ್ಚು ಜನ ಟಿವಿಯಲ್ಲಿ ನೋಡಿದರು. ಅದೇ ವರ್ಷ ರೂಪರ್ಟ್ ಮರ್ಡೋಕ್ 'ದಿ ಸನ್' ಕೊಂಡರು. ಕಾಕತಾಳೀಯವೇ ಇರಬಹುದು, ಆದರೆ ಒಳಮನೆಯ ರುಚಿ ಹತ್ತಿಸಿದವರೂ ಅದನ್ನು ದಿನಾ ಬಡಿಸಲು ಸಿದ್ಧರಾದವರೂ ಒಟ್ಟಿಗೇ ಬಂದರು. 1981ರ ಡಿಸೆಂಬರಿನಲ್ಲಿ ಗರ್ಭಿಣಿ ಡಯಾನಾಳನ್ನು ಬೆನ್ನಟ್ಟಬೇಡಿ ಎಂದು ಕೇಳಲು ಸಂಪಾದಕರನ್ನು ಅರಮನೆಗೆ ಕರೆಸಲಾಯಿತು. ಮಿಠಾಯಿ ತರಲು ಅವಳೇ ಅಂಗಡಿಗೆ ಹೋಗಬೇಕೇ, ಆಳನ್ನು ಕಳಿಸಬಹುದಲ್ಲ ಎಂದರು 'ನ್ಯೂಸ್ ಆಫ್ ದಿ ವರ್ಲ್ಡ್' ಸಂಪಾದಕ. ಎಂಥ ಜಂಬದ ಮಾತು ಎಂದು ರಾಣಿ ಎಲಿಜಬೆತ್ ಮುಖಕ್ಕೇ ಹೇಳಿದರು. ರಾಜಮನೆತನದವರ ಮೊಬೈಲ್ ಸಂದೇಶಗಳನ್ನು ಕದ್ದು ಕೇಳಿದ್ದಕ್ಕೆ 2007ರಲ್ಲಿ ಜೈಲಿಗೆ ಹೋದ ವರದಿಗಾರ ಇದೇ ಪತ್ರಿಕೆಯವನು. ಕದ್ದಾಲಿಕೆಯ ಹಗರಣ ಹಬ್ಬಿ 2011ರಲ್ಲಿ ಪತ್ರಿಕೆಯೇ ಮುಚ್ಚಿತು.

ನಡುವೆ 1992. ವಿಂಡ್ಸರ್ ಕೋಟೆಗೆ ಬೆಂಕಿ ಬಿತ್ತು. ದುರಸ್ತಿಯ ಖರ್ಚು ಸರ್ಕಾರದ್ದು ಎಂದಾಗ ಜನ ಕೆರಳಿದರು. 1993ರಿಂದ ರಾಣಿ ಆದಾಯ ತೆರಿಗೆ ಕಟ್ಟತೊಡಗಿದರು.

1997ರ ಆಗಸ್ಟ್ 31ರಂದು ಪ್ಯಾರಿಸ್‌ನಲ್ಲಿ ಡಯಾನಾ ಸತ್ತಾಗ ಮೊದಲ ಸಿಟ್ಟು ಕ್ಯಾಮೆರಾ ಹಿಡಿದು ಬೆನ್ನಟ್ಟಿದವರ ಮೇಲಿತ್ತು. ಅಂಥ ಚಿತ್ರಗಳಿಗೆ ಹಣ ಕೊಟ್ಟ ಪ್ರತಿ ಸಂಪಾದಕನ ಕೈಗೂ ರಕ್ತ ಅಂಟಿದೆ ಎಂದು ಅವಳ ತಮ್ಮ ನೇರವಾಗಿ ಆರೋಪಿಸಿದ್ದ. ನಾಲ್ಕೇ ದಿನದಲ್ಲಿ ಸಿಟ್ಟಿನ ದಿಕ್ಕು ತಿರುಗಿತು. ರಾಣಿ ಮೊಮ್ಮಕ್ಕಳೊಂದಿಗೆ ಸ್ಕಾಟ್ಲೆಂಡಿನ ಬಾಲ್ಮೊರಲ್‌ನಲ್ಲಿದ್ದರು. ಅವರು ಇಲ್ಲದಾಗ ಲಂಡನ್ ಅರಮನೆಯ ಮೇಲೆ ಬಾವುಟ ಹಾರಿಸುವ ಪದ್ಧತಿ ಇರಲಿಲ್ಲ. ನಮ್ಮ ರಾಣಿ ಎಲ್ಲಿ, ಅವರ ಬಾವುಟ ಎಲ್ಲಿ ಎಂದು 'ದಿ ಸನ್' ಮುಖಪುಟದಲ್ಲೇ ಕೇಳಿತು. ತಾಯಿಯನ್ನು ಕಳೆದುಕೊಂಡ ಇಬ್ಬರು ಹುಡುಗರ ಜೊತೆ ಅಜ್ಜಿ ಇದ್ದದ್ದು ತಪ್ಪೆಂದು ನನಗಂತೂ ಅನ್ನಿಸುವುದಿಲ್ಲ. ಆದರೂ ಸೆಪ್ಟೆಂಬರ್ 5ರಂದು ಅವರು ಲಂಡನ್ನಿಗೆ ಮರಳಿ ಟಿವಿಯಲ್ಲಿ ಮಾತಾಡಲೇಬೇಕಾಯಿತು. ಮರುದಿನ ಅರಮನೆಯ ಮೇಲೆ ರಾಷ್ಟ್ರಧ್ವಜ ಅರ್ಧಕ್ಕೆ ಇಳಿದು ಹಾರಿತು.

ಇಷ್ಟೆಲ್ಲ ಗದ್ದಲದ ನಡುವೆಯೂ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಗಣರಾಜ್ಯ ಬೇಕೆಂದವರು ಬಹುಕಾಲ ಸುಮಾರು ಐದರಲ್ಲಿ ಒಬ್ಬರೇ. ಈಗ ಯುವಜನರಲ್ಲಿ ಅರಮನೆಯ ಒಲವು ಎದ್ದು ಕಾಣುವಷ್ಟು ತಗ್ಗಿದೆ.

2024ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಯುವರಾಣಿ ಕೇಟ್ ಸಾರ್ವಜನಿಕ ಕಾರ್ಯಕ್ರಮಗಳಲ್ಲಿ ಕಾಣಿಸಲಿಲ್ಲ. ಈ ಸಲ ಚೀಟಿ ಅಂಟಿಸಿದ್ದು ಪತ್ರಿಕೆಗಳಿಗಿಂತ ಹೆಚ್ಚಾಗಿ ಸಾಮಾಜಿಕ ಜಾಲತಾಣಗಳು. ಮಾರ್ಚ್ 10ರಂದು ಅರಮನೆ ತಾಯಿ-ಮಕ್ಕಳ ಫೋಟೊ ಬಿಡುಗಡೆ ಮಾಡಿತು. ಅದನ್ನು ತಿದ್ದಲಾಗಿದೆ ಎಂದು ಸುದ್ದಿಸಂಸ್ಥೆಗಳು ಹಿಂತೆಗೆದುಕೊಂಡವು. ಮಾರ್ಚ್ 22ರಂದು ಕೇಟ್ ತೋಟದ ಬೆಂಚಿನ ಮೇಲೆ ಒಬ್ಬರೇ ಕುಳಿತು, ತಮಗೆ ಕ್ಯಾನ್ಸರ್ ಇದ್ದದ್ದು ಪರೀಕ್ಷೆಯಲ್ಲಿ ಗೊತ್ತಾಗಿದೆ ಎಂದು ಕ್ಯಾಮೆರಾದ ಮುಂದೆ ಹೇಳಿದರು.