ಎಲೆಯ ಒಳಕ್ಕೆ ಇಳಿದಷ್ಟೂ ಚಿತ್ರ ಮಬ್ಬು, ಯಾಕೆ?

ಪ್ರಶ್ನೆ: ಗೋಣಿಕೊಪ್ಪದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ತುಕ್ಕು ರೋಗ ಬಂದ ಕಾಫಿ ಎಲೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೇಲಿನ ಪದರ ಚೆನ್ನಾಗಿ ಕಾಣುತ್ತದೆ. ಫೋಕಸ್ ಕೆಳಗಿಳಿಸಿದರೆ ಎಲ್ಲ ಮಬ್ಬು. ದುಬಾರಿ ಲೆನ್ಸ್ ಹಾಕಿದರೆ ಸರಿಹೋಗುತ್ತದಾ?

ಉತ್ತರ: ಲೆನ್ಸ್ ಒಂದರಿಂದಲೇ ಸರಿಹೋಗುವುದಿಲ್ಲ. ತೊಂದರೆ ಇರುವುದು ಎಲೆಯ ಒಳಗೆ.

ಬೆಳಕಿನ ವೇಗ ಎಲ್ಲ ಕಡೆ ಒಂದೇ ಅಲ್ಲ. ಬೆಳಕು ಎಷ್ಟು ನಿಧಾನವಾಗುತ್ತದೆ ಎಂದು ಹೇಳುವ ಸಂಖ್ಯೆ ವಕ್ರೀಭವನ ಸೂಚ್ಯಂಕ. ಅದು ಗಾಳಿಗೆ 1.00, ನೀರಿಗೆ 1.33, ಕೋಶದ ಗೋಡೆಗೆ ಇನ್ನೂ ಜಾಸ್ತಿ. ಕಾಫಿ ಎಲೆಯ ಕೆಳಭಾಗದಲ್ಲಿ ಕೋಶಗಳ ನಡುವೆ ಗಾಳಿ ತುಂಬಿದ ಸಂದುಗಳಿವೆ. ತುಕ್ಕಿನ ಶಿಲೀಂಧ್ರ ಹಬ್ಬುವುದೂ ಆ ಸಂದುಗಳಲ್ಲೇ! ನಮ್ಮ ಕೊಡಗಿನ ಕೆಸರುಗದ್ದೆಯ ನಾಟಿ ಓಟ ನೋಡಿದ್ದೀರಲ್ಲ? ಎಲ್ಲರೂ ಒಂದೇ ಸಾಲಿನಲ್ಲಿ ಹೊರಟರೂ ಆಳದ ಕೆಸರಿಗೆ ಕಾಲಿಟ್ಟವರು ಹಿಂದೆ ಬೀಳುತ್ತಾರೆ, ಸಾಲು ಸೊಟ್ಟಗಾಗುತ್ತದೆ. ಬೆಳಕಿನ ಅಲೆಯೂ ಹಾಗೇ ಸೊಟ್ಟಗಾಗಿ ಬಂದರೆ ಒಂದು ಚುಕ್ಕೆಗೆ ಕೂಡುವುದಿಲ್ಲ.

ಮೊದಲು ಗಾಳಿ ತೆಗೆಯಿರಿ. ಎಲೆಯ ಸಣ್ಣ ತುಂಡನ್ನು ಸೂಜಿಯಿಲ್ಲದ ಸಿರಿಂಜಿಗೆ ಹಾಕಿ, ನೀರು ತುಂಬಿ, ಬಾಯಿಗೆ ಬೆರಳು ಒತ್ತಿ ಹಿಡಿದು ಹಿಡಿಯನ್ನು ಹಿಂದಕ್ಕೆ ಎಳೆಯಿರಿ. ಅಂಚಿನಿಂದ ಗುಳ್ಳೆಗಳು ಏಳುತ್ತವೆ. ಬಿಟ್ಟಾಗ ಆ ಜಾಗಕ್ಕೆ ನೀರು ನುಗ್ಗುತ್ತದೆ. ನಾಲ್ಕಾರು ಸಲ ಮಾಡಿದರೆ ತುಂಡು ಕಡುಹಸಿರಾಗಿ ತಳಕ್ಕೆ ಮುಳುಗುತ್ತದೆ. ಈಗ ನೋಡಿ, ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ಇನ್ನು ಲೆನ್ಸಿನ ಮಾತು. ಎಣ್ಣೆ ಹಚ್ಚಿ ನೋಡುವ ಲೆನ್ಸ್ ದುಬಾರಿ, ನಿಜ. ಆದರೆ ಎಣ್ಣೆಯ ಸೂಚ್ಯಂಕ ಸುಮಾರು 1.52, ನೀರಿನದಕ್ಕೆ ಹೊಂದುವುದಿಲ್ಲ. ನೀರು ತುಂಬಿದ ಎಲೆಯಲ್ಲಿ ಆಳಕ್ಕೆ ಹೋದಷ್ಟೂ ಅದರ ಮಬ್ಬು ಹೆಚ್ಚುತ್ತದೆ. ಅಲ್ಲಿಗೆ ಎಣ್ಣೆಯ ಬದಲು ನೀರು ಹಚ್ಚಿ ನೋಡುವ ಲೆನ್ಸೇ ವಾಸಿ. ಮೇಲೆ ಮುಚ್ಚುವ ತೆಳು ಗಾಜು, ಅಂದರೆ ಕವರ್ ಸ್ಲಿಪ್, 0.17 ಮಿ.ಮೀ. ದಪ್ಪದ್ದೇ ಇರಲಿ, ಹೆಚ್ಚಿನ ಲೆನ್ಸುಗಳನ್ನು ಆ ಅಳತೆಗೇ ಮಾಡಿರುತ್ತಾರೆ.

ದೊಡ್ಡ ಪ್ರಯೋಗಾಲಯಗಳು ಇಲ್ಲಿಗೆ ನಿಲ್ಲುವುದಿಲ್ಲ. ಅಲ್ಲಿ ಅಡಾಪ್ಟಿವ್ ಆಪ್ಟಿಕ್ಸ್ ಇದೆ. ವಾತಾವರಣದಿಂದ ಕದಡುವ ನಕ್ಷತ್ರದ ಚಿತ್ರವನ್ನು ಸರಿಪಡಿಸಲು ಖಗೋಳ ವಿಜ್ಞಾನಿ ಹೊರೇಸ್ ಬ್ಯಾಬ್‌ಕಾಕ್ 1953ರಲ್ಲಿ ಮುಂದಿಟ್ಟ ಉಪಾಯ ಇದು. ಮೈಕ್ರೋಸ್ಕೋಪಿನಲ್ಲಿ ನಕ್ಷತ್ರದ ಬದಲು ಅಂಗಾಂಶದೊಳಗಿನ ಒಂದು ಹೊಳೆಯುವ ಚುಕ್ಕೆ. ಅದರ ಬೆಳಕು ಎಷ್ಟು ಸೊಟ್ಟಗಾಗಿದೆ ಎಂದು ಸೆನ್ಸರ್ ಅಳೆಯುತ್ತದೆ. ಆಕಾರ ಬದಲಿಸಬಲ್ಲ ತೆಳು ಕನ್ನಡಿ ಅದಕ್ಕೆ ಸರಿಯಾಗಿ ವಿರುದ್ಧ ದಿಕ್ಕಿಗೆ ಬಾಗುತ್ತದೆ. ಸೆನ್ಸರ್ ಇಲ್ಲದೆಯೂ ಆಗುತ್ತದೆ: ಕನ್ನಡಿಯನ್ನು ಸ್ವಲ್ಪ ಸ್ವಲ್ಪವೇ ಬಾಗಿಸುತ್ತಾ, ಚಿತ್ರ ಹೆಚ್ಚು ಹೊಳೆದ ಆಕಾರವನ್ನೇ ಉಳಿಸಿಕೊಳ್ಳುವುದು. ಇಲಿಯ ಮಿದುಳಿನ ಆಳದ ನರಕೋಶಗಳನ್ನು ಹೀಗೆ ಸ್ಪಷ್ಟವಾಗಿ ನೋಡುತ್ತಾರೆ. ನನಗೆ ತುಂಬಾ ಇಷ್ಟವಾದ ಉಪಾಯ ಇದು.

ಆದರೆ ಬೆಳಕು ಸೊಟ್ಟಗಾಗುವುದು ಬೇರೆ, ಚದುರಿಹೋಗುವುದು ಬೇರೆ. ಪೂರ್ತಿ ಚದುರಿದ ಬೆಳಕನ್ನು ಇಂಥ ಕನ್ನಡಿ ಒಟ್ಟುಗೂಡಿಸಲಾರದು. ನೀರು ತುಂಬಿಸಿದ ಮೇಲೂ ಮಬ್ಬು ಉಳಿದರೆ, ನಿಮ್ಮ ಲ್ಯಾಬಿನಲ್ಲಿ ಹೊಸ ಬ್ಲೇಡಿನಿಂದ ಎಲೆಯನ್ನು ಅಡ್ಡಕ್ಕೆ ತೆಳ್ಳಗೆ ಕೊಯ್ದು ನೋಡಿ.