ಪನಾಮಾ ಕಾಲುವೆ ನಿಂತಿರುವುದು ಮಳೆನೀರಿನ ಮೇಲೆ

ಹಡಗಿನಲ್ಲಿ ಚೀಫ್ ಆಫೀಸರ್ ಆಗಿದ್ದಾಗ, ಪನಾಮಾ ದಾರಿ ಅಂದರೆ ಸರಕು ತುಂಬುವಾಗಲೇ ನನಗೆ ಬೇರೆ ಲೆಕ್ಕ ಶುರು. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಹಡಗು ಹೆಚ್ಚು ಮುಳುಗುತ್ತದೆ, ಆ ಕಾಲುವೆಯಲ್ಲಿರುವುದು ಸಿಹಿನೀರು. ಎರಡು ಸಮುದ್ರಗಳ ನಡುವೆ ಸಿಹಿನೀರು ಎಲ್ಲಿಂದ ಬಂತು ಎಂದು ಊರಲ್ಲಿ ಎಷ್ಟೋ ಜನ ಕೇಳಿದ್ದಾರೆ.

ಸೂಯೆಜ್ ತೋಡಿಸಿದ ಫ್ರಾನ್ಸಿನ ಲೆಸೆಪ್ಸ್, 1881ರಲ್ಲಿ ಪನಾಮಾದಲ್ಲೂ ಸಮುದ್ರಮಟ್ಟಕ್ಕೇ ನೆಲ ಬಗೆಯಲು ಹೊರಟ. ಬಗೆದಷ್ಟೂ ಗುಡ್ಡ ಕುಸಿಯಿತು. ಹಳದಿ ಜ್ವರ, ಮಲೇರಿಯಾಗಳಿಗೆ ಸುಮಾರು ಇಪ್ಪತ್ತು ಸಾವಿರ ಜನ ಬಲಿಯಾದರು. 1889ರಲ್ಲಿ ಕಂಪನಿ ಮುಳುಗಿತು. 1904ರಲ್ಲಿ ಕೆಲಸ ವಹಿಸಿಕೊಂಡ ಅಮೆರಿಕನ್ನರಿಗಾಗಿ ಡಾ. ಗೋರ್ಗಸ್ ಮೊದಲು ಸೊಳ್ಳೆಯ ಬೆನ್ನು ಹತ್ತಿದ. ಆತನಿಲ್ಲದೆ ಈ ಕಾಲುವೆ ಇಲ್ಲ. ಮೈಮುರಿದು ದುಡಿದವರಲ್ಲಿ ಬಹುಪಾಲು ಬಾರ್ಬಡೋಸ್, ಜಮೈಕಾದ ಕಪ್ಪು ಕೂಲಿಗಳು. ಬಿಳಿಯರಿಗೆ ಚಿನ್ನದ ನಾಣ್ಯದಲ್ಲಿ ಸಂಬಳ, ಇವರಿಗೆ ಬೆಳ್ಳಿಯದರಲ್ಲಿ.

ಗುಡ್ಡವನ್ನು ಸಮುದ್ರಕ್ಕೆ ಇಳಿಸುವ ಬದಲು ಹಡಗನ್ನೇ ಮೇಲೆತ್ತಿದರು. ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿ, 26 ಮೀಟರ್ ಎತ್ತರದಲ್ಲಿ ಗಾಟೂನ್ ಸರೋವರ ತುಂಬಿಸಿದರು. 1914ರ ಆಗಸ್ಟ್ 15ರಂದು ಕಾಲುವೆ ತೆರೆಯಿತು. ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಕ್ಷಿಣ ಅಮೆರಿಕ ಸುತ್ತುವ ಸುಮಾರು 13 ಸಾವಿರ ಕಿಲೋಮೀಟರ್ ಉಳಿಯಿತು.

ಹಡಗನ್ನು ಆ ಎತ್ತರಕ್ಕೆ ಏರಿಸುವುದು ಲಾಕ್‌ಗಳು. ಲಾಕ್ ಅಂದರೆ ಎರಡು ತುದಿಗೂ ಬಾಗಿಲಿರುವ ಕಾಂಕ್ರೀಟ್ ತೊಟ್ಟಿ. ಹಳೆಯವು 33.5 ಮೀಟರ್ ಅಗಲ. ನಮ್ಮ ಹಡಗು 32.2. ಡೆಕ್ಕಿನಿಂದ ಬಗ್ಗಿ ನೋಡಿದರೆ ಗೋಡೆಗೂ ನಮಗೂ ಎರಡಡಿ ಸಂದು. ಎರಡೂ ಕಡೆ ಹಳಿಯ ಮೇಲೆ 'ಮ್ಯೂಲ್' ಎಂಬ ಎಂಜಿನ್‌ಗಳು ಹಗ್ಗ ಬಿಗಿದು ಹಡಗನ್ನು ನಡುವೆ ಹಿಡಿದಿರುತ್ತವೆ. ಬಾಗಿಲು ಮುಚ್ಚುತ್ತದೆ, ಅಡಿಯಿಂದ ನೀರು ಉಕ್ಕುತ್ತದೆ, ಕಣ್ಣೆದುರಿನ ಹಸಿ ಗೋಡೆ ನಿಧಾನ ಕೆಳಗಿಳಿಯುತ್ತದೆ. ಪಂಪಿಲ್ಲ, ಮೇಲಿನ ಸರೋವರದ ನೀರು ತಾನಾಗಿ ಹರಿದು ಬರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಆದರೆ ಹೀಗೆ ಒಂದು ಹಡಗು ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರದ ಪಾಲು. 2016ರ ಹೊಸ ಲಾಕ್‌ಗಳು ಒಂದಷ್ಟು ನೀರನ್ನು ಮರುಬಳಸುತ್ತವೆ. ಆದರೂ ಪನಾಮಾ ನಗರ ಕುಡಿಯುವುದು ಇದೇ ಜಲಾನಯನದ ನೀರು. 2023ರಲ್ಲಿ ಮಳೆ ಕೈಕೊಟ್ಟಾಗ, ದಿನಕ್ಕೆ 36ರಷ್ಟಿದ್ದ ಹಡಗುಗಳನ್ನು ಡಿಸೆಂಬರ್‌ಗೆ 22ಕ್ಕೆ ಇಳಿಸಿದರು. ಡ್ರಾಫ್ಟ್, ಅಂದರೆ ಹಡಗು ನೀರಿನಲ್ಲಿ ಮುಳುಗಬಹುದಾದ ಆಳದ ಮಿತಿಯೂ ಇಳಿಯಿತು, ಅಷ್ಟು ಸರಕು ಕಡಿಮೆ. ಜೂನ್ ಬಂತೆಂದರೆ ಕೆಆರ್‌ಎಸ್ ಮಟ್ಟ ನೋಡುವ ನಮಗೆ ಆ ಆತಂಕವನ್ನು ವಿವರಿಸಬೇಕಿಲ್ಲ.

ಈಗ ಇಂಡಿಯೊ ನದಿಗೆ ಇನ್ನೊಂದು ಅಣೆಕಟ್ಟು ಕಟ್ಟುವ ಯೋಜನೆ ಇದೆ. ಕಾಲುವೆಗೆ ನೀರು ಬೇಕು, ನಿಜ. ಆದರೆ ಮುಳುಗಡೆಯಾಗುವ ಊರುಗಳ ರೈತರು ಬೀದಿಗಿಳಿದಿದ್ದಾರೆ. ಶರಾವತಿಯ ಹಿನ್ನೀರಿನಿಂದ ಎದ್ದು ಬಂದ ಮನೆಗಳವರ ಮಾತು ಕೇಳಿ ಬೆಳೆದ ನನಗೆ ಅವರನ್ನು ಅಭಿವೃದ್ಧಿಗೆ ಅಡ್ಡಿ ಎನ್ನಲು ಬಾಯಿ ಬರುವುದಿಲ್ಲ.