ಫ್ರೋಜನ್ ಊಟದ ಪ್ಯಾಕೆಟ್ಟುಗಳನ್ನು ನಂಬಿ ರಾತ್ರಿಯೂಟ ಮಾಡಬಹುದೇ?

ಓದುಗರ ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ನಾನೂ ನಮ್ಮ ಯಜಮಾನರೂ ಕೆಲಸಕ್ಕೆ ಹೋಗುವವರು, ಮನೆ ಸೇರುವಾಗ ರಾತ್ರಿ ಎಂಟಾಗಿರುತ್ತದೆ. ವಾರದಲ್ಲಿ ಮೂರು ನಾಲ್ಕು ರಾತ್ರಿ ಫ್ರೋಜನ್ ಪರೋಟ, ಕಟ್ಲೆಟ್ ಅಥವಾ ಬಿಸಿ ಮಾಡಿ ತಿನ್ನುವ ಪಲಾವಿನಲ್ಲಿ ಊಟ ಮುಗಿಸುತ್ತೇವೆ. ಮಂಡ್ಯದಿಂದ ಬಂದು ನಮ್ಮೊಡನಿರುವ ಅತ್ತೆಯವರಿಗೆ ಬಿ.ಪಿ. ಇದೆ. ‘ಯಾವ ಕಾಲದಲ್ಲೋ ಮಾಡಿಟ್ಟದ್ದು ತಂಗಳಲ್ಲದೆ ಇನ್ನೇನು’ ಎಂದು ಅವರು ಬೇಸರಪಡುತ್ತಾರೆ. ಇಂಥ ಆಹಾರ ಆರೋಗ್ಯಕರ ಊಟಕ್ಕೆ ಹೊಂದುತ್ತದೆಯೇ?

ಉತ್ತರ: ಹೊಂದಿಸಿಕೊಳ್ಳಬಹುದು. ಆದರೆ ವಾರಕ್ಕೆ ಮೂರು ನಾಲ್ಕು ರಾತ್ರಿ, ಅದರಲ್ಲೂ ಬಿ.ಪಿ. ಇರುವವರ ತಟ್ಟೆಗೆ, ಹೆಚ್ಚೇ ಆಯಿತು. ನಿಮ್ಮ ಅತ್ತೆಯವರ ಅನುಮಾನ ನ್ಯಾಯವಾದದ್ದೇ. ಅವರು ಕೊಡುವ ಕಾರಣವನ್ನು ಮಾತ್ರ ಒಪ್ಪುವುದು ಕಷ್ಟ.

ಆಹಾರ ಹಳಸುವುದು ಅದರಲ್ಲಿರುವ ಸೂಕ್ಷ್ಮಾಣುಗಳು ಬೆಳೆಯುವುದರಿಂದ. ಫ್ರೋಜನ್ ಆಹಾರವನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಇಡಬೇಕೆಂಬ ನಿಯಮವಿದ್ದು, ಆ ಚಳಿಯಲ್ಲಿ ಸೂಕ್ಷ್ಮಾಣುಗಳು ಬೆಳೆಯಲಾರವು. ಅವೆಲ್ಲ ಸಾಯುತ್ತವೆ ಎಂದಲ್ಲ. ಪ್ಯಾಕೆಟ್ಟು ಕರಗಿ ಬೆಚ್ಚಗಾದೊಡನೆ ಮತ್ತೆ ಕೆಲಸ ಶುರುಮಾಡುತ್ತವೆ. ಹೀಗೆ ಚಳಿಯೇ ಕಾಪಾಡುವುದರಿಂದ ಇಂಥ ಬಹಳಷ್ಟು ಆಹಾರಗಳಿಗೆ ಬೇರೆ ಸಂರಕ್ಷಕ ರಾಸಾಯನಿಕವನ್ನು ಬೆರೆಸುವ ಅಗತ್ಯವೂ ಬೀಳುವುದಿಲ್ಲ. ಕೊಬ್ಬು ನಿಧಾನವಾಗಿ ಮುಗ್ಗಲಾಗುವುದು ಮಾತ್ರ ಫ್ರೀಜರಿನೊಳಗೂ ನಡೆದೇ ಇರುತ್ತದೆ. ಪ್ಯಾಕೆಟ್ಟಿನ ಮೇಲೆ ಇಂಥ ತಿಂಗಳೊಳಗೆ ಬಳಸಿ ಎಂದು ಬರೆದಿರುವುದಕ್ಕೆ ಅದೂ ಒಂದು ಕಾರಣ. ಪೋಷಕಾಂಶದ ವಿಷಯದಲ್ಲಿಯೂ ಚಳಿಯ ಮೇಲೆ ದೊಡ್ಡ ಆರೋಪ ಹೊರಿಸುವಂತಿಲ್ಲ. ಬಟಾಣಿಯನ್ನು ಕಿತ್ತ ಕೆಲವೇ ಗಂಟೆಗಳಲ್ಲಿ ಸುಲಿದು, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ತಕ್ಷಣ ಹೆಪ್ಪುಗಟ್ಟಿಸಿದರೆ, ಆ ಬಿಸಿನೀರಿನಲ್ಲಿ ಸಿ ಜೀವಸತ್ವದ ಒಂದಂಶ ಹೋಗುತ್ತದೆ, ಉಳಿದದ್ದು ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಮಾರುಕಟ್ಟೆಯಲ್ಲಿ ಎರಡು ದಿನ, ನಿಮ್ಮ ಫ್ರಿಜ್ಜಿನ ತಳದ ಡಬ್ಬದಲ್ಲಿ ನಾಲ್ಕು ದಿನ ಕಾಯ್ದು ಬಾಡಿದ ‘ತಾಜಾ’ ಬಟಾಣಿ ಅದಕ್ಕಿಂತ ಮೇಲೆಂದು ಹೇಳಲು ನನಗೆ ಧೈರ್ಯ ಸಾಲದು.

ಇಲ್ಲಿ ಇನ್ನೊಂದು ಗೊಂದಲವನ್ನೂ ತಿಳಿಗೊಳಿಸಬೇಕು. ನೀವು ಹೇಳುವ ‘ಬಿಸಿ ಮಾಡಿ ತಿನ್ನುವ ಪಲಾವು’ ಅಂಗಡಿಯ ಫ್ರೀಜರಿನಿಂದ ಬಂದದ್ದೋ, ಮಾಮೂಲಿ ಕಪಾಟಿನಿಂದ ಬಂದದ್ದೋ ನೋಡಿಕೊಳ್ಳಿ. ಕಪಾಟಿನಲ್ಲಿ ಇಟ್ಟು ಮಾರುವ ಪೊಟ್ಟಣದ ಊಟ ಫ್ರೋಜನ್ ಆಹಾರವಲ್ಲ. ಪದರ ಪದರವಾದ ಚೀಲದೊಳಗೆ ಮೊಹರು ಮಾಡಿ, ಒತ್ತಡದಲ್ಲಿ ಸುಮಾರು 121 ಡಿಗ್ರಿಯವರೆಗೆ ಕಾಯಿಸಿ ಸೂಕ್ಷ್ಮಾಣುಗಳನ್ನು ಕೊಂದಿರುವುದರಿಂದ ಅದು ತಿಂಗಳುಗಟ್ಟಲೆ ಹೊರಗೇ ಕೆಡದೆ ಇರುತ್ತದೆ. ಸೈನಿಕರಿಗಾಗಿ ಇಂಥ ಸಿದ್ಧ ಆಹಾರಗಳನ್ನು ರೂಪಿಸಿದ ರಕ್ಷಣಾ ಆಹಾರ ಸಂಶೋಧನಾಲಯ 1961ರಿಂದ ನಿಮ್ಮೂರಿನಲ್ಲೇ ಇದೆ. ಅದಕ್ಕೂ ಮೊದಲು, 1950ರಲ್ಲಿ, ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ಸಿ.ಎಫ್.ಟಿ.ಆರ್.ಐ., ಆರಂಭವಾಯಿತು. ಆಹಾರವನ್ನು ಕೆಡದಂತೆ ಇಡುವ ವಿದ್ಯೆಯ ಬಗ್ಗೆ ಮೈಸೂರಿನವರಿಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಆದರೆ ಕೆಡದಿರುವುದು ಬೇರೆ, ದಿನವೂ ತಿನ್ನಲು ತಕ್ಕದ್ದಾಗಿರುವುದು ಬೇರೆ. ಈ ಎರಡನೆಯ ವಿಚಾರದಲ್ಲಿ ಕಪಾಟಿನ ಪೊಟ್ಟಣಕ್ಕೂ ಫ್ರೀಜರಿನ ಪ್ಯಾಕೆಟ್ಟಿಗೂ ಒಂದೇ ಪ್ರಶ್ನೆ ಕೇಳಬೇಕು: ಒಳಗೆ ಏನು ಹಾಕಿದ್ದಾರೆ?

ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಉಪ್ಪು. ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ 2000 ಮಿಲಿಗ್ರಾಂ ಸೋಡಿಯಂ, ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ಯಾಕೆಟ್ಟಿನ ಮೇಲೆ ಉಪ್ಪೆಂದು ಬರೆಯದೆ ಸೋಡಿಯಂ ಎಂದು ಬರೆದಿರುವುದರಿಂದ ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಉದಾಹರಣೆಗೆ, 300 ಗ್ರಾಂ ಪಲಾವಿನ ಪ್ಯಾಕೆಟ್ಟಿನ ಹಿಂದೆ 100 ಗ್ರಾಂಗೆ 500 ಮಿಲಿಗ್ರಾಂ ಸೋಡಿಯಂ ಎಂದಿದೆ ಎನ್ನೋಣ. ಇಡೀ ಪ್ಯಾಕೆಟ್ಟನ್ನು ಒಬ್ಬರೇ ತಿಂದರೆ 1500 ಮಿಲಿಗ್ರಾಂ ಆಯಿತು. ಉಪ್ಪಿನ ಲೆಕ್ಕದಲ್ಲಿ 3.75 ಗ್ರಾಂ, ದಿನದ ಪಾಲಿನ ಮುಕ್ಕಾಲು ಭಾಗ. ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನದ ಸಾರು, ನಡುವೆ ನೆಂಚಿಕೊಂಡ ಉಪ್ಪಿನಕಾಯಿ ಇದಕ್ಕೆ ಸೇರಿಲ್ಲ. ಮನೆಯಡುಗೆಯೆಲ್ಲ ಉಪ್ಪಿಲ್ಲದ್ದೆಂದು ನಾನು ಹೇಳುತ್ತಿಲ್ಲ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಇರುವ ಮನೆಯಲ್ಲಿ ಯಾರೂ ಹಾಗೆ ಹೇಳಲಾರರು. ಆದರೆ ಸಾರಿಗೆ ಹಾಕುವ ಉಪ್ಪು ನಿಮ್ಮ ಕೈಯಲ್ಲಿದೆ, ಕಾರ್ಖಾನೆಯಲ್ಲಿ ಬೆರೆಸಿದ್ದನ್ನು ತೆಗೆಯುವ ಉಪಾಯವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ವಯಸ್ಕರಲ್ಲಿ ಶೇ. 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆಯೆಂದು ಕಂಡುಕೊಂಡಿತು. ನಿಮ್ಮ ಅತ್ತೆಯವರಿಗೆ ಉಪ್ಪಿನ ಮಿತಿ ಎಷ್ಟೆಂದು ಅವರ ವೈದ್ಯರನ್ನೇ ಕೇಳಿ. ಅವರು ಹೇಳುವವರೆಗೆ ಈ ಪ್ಯಾಕೆಟ್ಟಿನ ಊಟಗಳಿಂದ ಅವರನ್ನು ದೂರವಿಡುವುದು ಲೇಸು.

ಲೇಬಲ್ ಓದುವಾಗ ಇನ್ನೊಂದು ಕಡೆ ಎಡವುತ್ತೇವೆ. ಒಂದು ಸರ್ವಿಂಗ್ ಅಂದರೆ ಎಷ್ಟು ಎಂಬುದನ್ನು ತಯಾರಕರೇ ನಿಗದಿಮಾಡಿರುತ್ತಾರೆ. ಅದು ಒಂದು ಪರೋಟ ಎಂದಿದ್ದರೆ, ಒಂದೇ ಪರೋಟ ತಿಂದು ಏಳುವವರು ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಕೇಳಿಕೊಳ್ಳಿ. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಆದ್ದರಿಂದ ಮುಂಭಾಗದಲ್ಲಿ ಗೋಧಿ ತೆನೆಯ ಚಿತ್ರ ಎಷ್ಟೇ ಅಂದವಾಗಿದ್ದರೂ, ಹಿಂಭಾಗದ ಪಟ್ಟಿಯಲ್ಲಿ ‘ರಿಫೈನ್ಡ್ ವೀಟ್ ಫ್ಲೋರ್’ ಮೊದಲು ಬಂದಿದ್ದರೆ ಒಳಗಿರುವುದು ಹೆಚ್ಚಾಗಿ ಮೈದಾ. ನಾರಿನಂಶವನ್ನು ಕಡ್ಡಾಯವಾಗಿ ನಮೂದಿಸಬೇಕೆಂಬ ನಿಯಮವಿಲ್ಲದ ಕಾರಣ ಈ ಪಟ್ಟಿಯೇ ನಿಮಗಿರುವ ಸುಳಿವು. ಎಣ್ಣೆಯನ್ನು ಗಟ್ಟಿಗೊಳಿಸುವಾಗ ಹುಟ್ಟುವ, ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬಿನ ಭಯ ಮಾತ್ರ ಮೊದಲಿನಷ್ಟಿಲ್ಲ, ಏಕೆಂದರೆ 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬಿನಲ್ಲಿ ಅದು ಶೇ. 2ನ್ನು ಮೀರುವಂತಿಲ್ಲ. ಪಾಮ್ ಎಣ್ಣೆಯಲ್ಲಿ ಹೇರಳವಾಗಿರುವ, ಹೆಚ್ಚಾದರೆ ಕೊಲೆಸ್ಟರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬಿನ ಲೆಕ್ಕ ಹಾಗೆಯೇ ಉಳಿದಿದೆ. ಇದಕ್ಕೆ ಲೇಬಲ್ಲಿನಲ್ಲಿ ದಿನದ ಅಳತೆಗೋಲಾಗಿ ಬಳಸುವುದು 22 ಗ್ರಾಂ. ಕಟ್ಲೆಟ್ಟು, ಆಲೂಗಡ್ಡೆಯ ಫ್ರೈಗಳನ್ನು ಬಹಳಷ್ಟು ಸಲ ಕಾರ್ಖಾನೆಯಲ್ಲೇ ಒಮ್ಮೆ ಅರ್ಧ ಕರಿದಿರುತ್ತಾರೆ. ಮನೆಯಲ್ಲಿ ಮತ್ತೆ ಬಾಣಲೆಗೆ ಇಳಿಸಿದರೆ ಎರಡು ಸಲ ಎಣ್ಣೆ ಕುಡಿದಂತಾಯಿತು. ಕಾವಲಿಯ ಮೇಲೆ ಕಡಿಮೆ ಎಣ್ಣೆಯಲ್ಲಿ ಬೇಯಿಸುವುದು ಉತ್ತಮ.

‘ಅತಿಸಂಸ್ಕರಿತ ಆಹಾರ’ ಎಂಬ ಮಾತನ್ನೂ ನೀವು ಕೇಳಿರಬಹುದು. ಬ್ರೆಜಿಲ್‌ನ ಸಾವೊ ಪಾವ್ಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತು ಅವರ ಸಂಗಡಿಗರು ಆಹಾರಗಳನ್ನು ಸಂಸ್ಕರಣೆಯ ಪ್ರಮಾಣಕ್ಕೆ ತಕ್ಕಂತೆ ನಾಲ್ಕು ಗುಂಪು ಮಾಡಿದ್ದಾರೆ. ಫ್ರೋಜನ್ ಬಟಾಣಿ ಅದರಲ್ಲಿ ತಾಜಾ ತರಕಾರಿಯೊಡನೆ ಮೊದಲ ಗುಂಪಿಗೇ ಸೇರುತ್ತದೆ; ಹತ್ತಾರು ಸಾಮಗ್ರಿ, ಕೃತಕ ರುಚಿ, ಅಂಟು, ಬಣ್ಣಗಳಿರುವ ಸಿದ್ಧ ಊಟ ನಾಲ್ಕನೆಯದಕ್ಕೆ. ಇಬ್ಬರೂ ಒಂದೇ ಫ್ರೀಜರಿನಲ್ಲಿ ಪಕ್ಕಪಕ್ಕ ಕುಳಿತಿರುತ್ತಾರೆ. ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 20 ಜನರಿಗೆ ಎರಡು ವಾರ ಅತಿಸಂಸ್ಕರಿತ ಆಹಾರವನ್ನೂ, ಎರಡು ವಾರ ಸರಳವಾಗಿ ತಯಾರಿಸಿದ ಆಹಾರವನ್ನೂ ಬಡಿಸಿ, ಬೇಕಾದಷ್ಟು ತಿನ್ನಲು ಬಿಟ್ಟರು. ಬಡಿಸಿದ ಸಕ್ಕರೆ, ಉಪ್ಪು, ಕೊಬ್ಬು, ನಾರು ಎರಡರಲ್ಲೂ ಹೆಚ್ಚುಕಡಿಮೆ ಸಮನಾಗಿದ್ದರೂ, ಮೊದಲನೆಯದನ್ನು ತಿನ್ನುವಾಗ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ವೇಗವಾಗಿಯೂ ತಿಂದರು, ತೂಕವೂ ಏರಿತು. ಪ್ರಯೋಗ ಚಿಕ್ಕದು, ಅವಧಿಯೂ ಚಿಕ್ಕದು. ಅದನ್ನೇ ಹಿಡಿದು ಪ್ರತಿಯೊಂದು ಪ್ಯಾಕೆಟ್ಟಿಗೂ ಶಿಕ್ಷೆ ವಿಧಿಸುವುದು ಅತಿಯಾದೀತು. ಆದರೂ ಹಸಿದು, ದಣಿದು, ಟಿ.ವಿ. ಮುಂದೆ ಕುಳಿತವರು ಮೆತ್ತಗಿನ ಪರೋಟವನ್ನು ಎಷ್ಟು ಬೇಗ ಖಾಲಿಮಾಡುತ್ತಾರೆ ಎಂಬುದನ್ನು ಬಲ್ಲವರಿಗೆ ಈ ಫಲಿತಾಂಶ ಆಶ್ಚರ್ಯ ತರುವುದಿಲ್ಲ.

ಹಾಗಾದರೆ ರಾತ್ರಿ ಎಂಟಕ್ಕೆ ಮನೆಗೆ ಬಂದವರು ಏನು ಮಾಡಬೇಕು? ಫ್ರೀಜರನ್ನು ಬಿಡಬೇಡಿ, ಅದರಲ್ಲಿ ಇಡುವುದನ್ನು ಬದಲಿಸಿ ಎಂಬುದು ನನ್ನ ಸಲಹೆ. ತೆಂಗಿನ ತುರಿಯನ್ನು ಫ್ರೀಜರಿನಲ್ಲಿಡದ ಮನೆ ಈಗ ಅಪರೂಪ. ಅದನ್ನು ಯಾರೂ ತಂಗಳೆನ್ನುವುದಿಲ್ಲ. ಅದೇ ರೀತಿ ಅವರೆಕಾಯಿಯ ಕಾಲದಲ್ಲಿ ಕಾಳು ಸುಲಿದೋ, ಹಿತಕಿದ ಬೇಳೆ ಮಾಡಿಯೋ, ಒಂದು ಅಡುಗೆಗೆ ಆಗುವಷ್ಟನ್ನು ಬೇರೆ ಬೇರೆ ಡಬ್ಬಗಳಲ್ಲಿ ಇಟ್ಟುಕೊಂಡರೆ ಬೇಸಿಗೆಯವರೆಗೂ ಒದಗುತ್ತದೆ. ಭಾನುವಾರ ತೊಗರಿಬೇಳೆ, ಕಡಲೆಕಾಳು, ಹೆಸರುಕಾಳು ಬೇಯಿಸಿ ಉಪ್ಪು ಹಾಕದೆ ಇಟ್ಟರೆ, ವಾರದ ಮಧ್ಯೆ ಸಾರೋ ಹುಳಿಯೋ ಆಗಲು ಒಗ್ಗರಣೆಯಷ್ಟೇ ಬಾಕಿ. ಬಸ್ಸಾರಿನ ಕಟ್ಟನ್ನೂ ಹೀಗೆ ಇಡಬಹುದು. ಇನ್ನು ಮುದ್ದೆಗೆ ಫ್ರೀಜರಿನ ಹಂಗೇ ಇಲ್ಲ. ಮನೆಯಲ್ಲಿ ಹಿಟ್ಟಿದ್ದು, ಎಸರಿಟ್ಟು, ತೊಳಸುವ ಕೈ ಇದ್ದರೆ ಪ್ಯಾಕೆಟ್ಟಿನ ಪಲಾವು ಕರಗಿ ಬಿಸಿಯಾಗುವ ಹೊತ್ತಿಗೆ ಅದೂ ಸಿದ್ಧ. ಮಂಡ್ಯದ ಅತ್ತೆಯವರು ಮನೆಯಲ್ಲಿರುವಾಗ ಆ ಕೈಗಾಗಿ ದೂರ ಹುಡುಕಬೇಕಾಗಿಲ್ಲ, ಅವರು ಒಪ್ಪಿದರೆ.

ಇಷ್ಟಾದರೂ ಪ್ಯಾಕೆಟ್ಟು ಒಡೆಯಲೇಬೇಕಾದ ರಾತ್ರಿಗಳು ಬರುತ್ತವೆ. ವಾರಕ್ಕೊಂದು ಸಲ ಹಾಗಾದರೆ ತಲೆ ಕೆಡಿಸಿಕೊಳ್ಳಬೇಡಿ, ಆದರೆ ಪ್ಯಾಕೆಟ್ಟನ್ನೇ ಇಡೀ ಊಟವೆಂದು ಭಾವಿಸಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ದಿನಕ್ಕೆ ಸೊಪ್ಪು ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಇರಲಿ ಎನ್ನುತ್ತದೆ. ಸಿದ್ಧ ಊಟದಲ್ಲಿ ಕೊರತೆ ಬೀಳುವುದು ಸಾಮಾನ್ಯವಾಗಿ ಇಲ್ಲಿಯೇ. ಎರಡು ಪರೋಟದ ಬದಲು ಒಂದು ಪರೋಟ, ಜೊತೆಗೆ ನೆನೆಸಿದ ಹೆಸರುಬೇಳೆ ಮತ್ತು ಸೌತೆಕಾಯಿಯ ಕೋಸಂಬರಿ, ಉಪ್ಪು ಹಾಕದ ಮಜ್ಜಿಗೆ ಇಟ್ಟುಕೊಂಡರೆ ಊಟದ ಸ್ವರೂಪವೇ ಬದಲಾಗುತ್ತದೆ. ಪಲಾವಾದರೆ ಒಂದು ಪ್ಯಾಕೆಟ್ಟಿಗೆ ಅಷ್ಟೇ ಪ್ರಮಾಣದ ಬೆಂದ ತರಕಾರಿ, ಬಟಾಣಿ, ತಿನ್ನುವವರಾದರೆ ಬೇಯಿಸಿದ ಮೊಟ್ಟೆ ಸೇರಿಸಿ ಇಬ್ಬರು ಹಂಚಿಕೊಳ್ಳಿ. ತಲೆಗೆ ಬೀಳುವ ಉಪ್ಪು ಅರ್ಧಕ್ಕಿಳಿಯುತ್ತದೆ. ಉಪ್ಪಿನಕಾಯಿಯ ಜಾಡಿಯನ್ನು ಆ ರಾತ್ರಿ ಮೇಜಿಗೆ ತರಬೇಡಿ.

ಕೊನೆಯದಾಗಿ ನಿಮ್ಮ ಫ್ರಿಜ್ಜಿನ ವಿಷಯ. ಒಂದೇ ಬಾಗಿಲಿನ ಹಲವು ಫ್ರಿಜ್ಜುಗಳ ಐಸ್ ಖಾನೆ ಮೈನಸ್ 18 ಡಿಗ್ರಿಯನ್ನು ಮುಟ್ಟುವುದೇ ಇಲ್ಲ. ಅಂಥದರಲ್ಲಿ ಪ್ಯಾಕೆಟ್ಟಿನ ಮೇಲಿನ ಗಡುವನ್ನು ನಂಬದೆ ಕೆಲವೇ ದಿನಗಳಲ್ಲಿ ಬಳಸಿಬಿಡಿ. ಅಂಗಡಿಯಲ್ಲಿ ಬಟಾಣಿಯ ಪ್ಯಾಕೆಟ್ಟು ಗಟ್ಟಿ ಉಂಡೆಯಾಗಿದ್ದರೆ ಅದು ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿರುವ ಸಾಧ್ಯತೆಯಿದೆ, ಅದನ್ನು ಬಿಟ್ಟು ಕಾಳು ಬಿಡಿಬಿಡಿಯಾಗಿ ಅಲುಗುವುದನ್ನು ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ, ತುಂಬಿದ ಪ್ರತ್ಯೇಕ ಫ್ರೀಜರು ಸುಮಾರು ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ಚಳಿಯನ್ನು ಹಿಡಿದಿಡುತ್ತದೆ. ಚಿಕ್ಕ ಐಸ್ ಖಾನೆಯಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ. ಕರೆಂಟು ಬಂದ ಮೇಲೆ ತೆರೆದು ನೋಡಿದಾಗ ಆಹಾರದಲ್ಲಿ ಇನ್ನೂ ಐಸಿನ ಹರಳಿದ್ದರೆ ಹಾಗೆಯೇ ಇಡಬಹುದು, ರುಚಿ ಸ್ವಲ್ಪ ಕೆಟ್ಟಿರುತ್ತದೆ ಅಷ್ಟೆ. ಪೂರ್ತಿ ಕರಗಿ, ಮುಟ್ಟಿದರೆ ತಣ್ಣಗೂ ಇಲ್ಲದೆ ಗಂಟೆಗಟ್ಟಲೆ ಉಳಿದದ್ದಾದರೆ, ವಾಸನೆ ಸರಿಯಾಗಿದ್ದರೂ ಚೆಲ್ಲಿಬಿಡಿ.